ಕೆಲಸದಿಂದ ತೆಗೆಯುವವರ ನೈತಿಕ ಭಾರ: ಒಂದು ಚಲಚ್ಚಿತ್ರವೂ ಭದ್ರಾ ಕಣಿವೆಯ ಎರಡು ಕೈಗಾರಿಕೆಗಳೂ

೧

ನರಸಿಂಹರಾಜಪುರ ತಾಲ್ಲೂಕಿನ ಸೀತೂರು ಬತ್ತದ ಗದ್ದೆ, ಅಡಕೆಯ ತೋಟಗಳ ಗ್ರಾಮ. ಅಲ್ಲಿ ಕಾರ್ಖಾನೆಯ ಕೂಗು ಕೇಳಿಸುವುದಿಲ್ಲ. ಆದರೂ ಈ ತಾಲ್ಲೂಕಿನ ಗ್ರಾಮಗಳು ಎರಡು ಬೃಹತ್ ಕೈಗಾರಿಕೆಗಳ ನಡುವೆ ನೆಲೆಸಿವೆ ಎಂಬುದನ್ನು ಭೂಪಟವೇ ತೋರಿಸುತ್ತದೆ. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆಯು ಕುದುರೆಮುಖದ ಗಣಿಸೀಮೆಯನ್ನು ಹಾಯ್ದು, ಕಳಸ, ಬಾಳೆಹೊನ್ನೂರುಗಳ ಮಾರ್ಗವಾಗಿ ಇಳಿದು, ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರಾಗಿ ನರಸಿಂಹರಾಜಪುರದ ಅಂಚಿನವರೆಗೆ ಹಬ್ಬಿ, ಅಲ್ಲಿಂದ ಮುಂದೆ ಭದ್ರಾವತಿಯನ್ನು ಸೇರುತ್ತದೆ. ನದಿಯ ತಲೆಯಲ್ಲಿ ಕಬ್ಬಿಣದ ಅದಿರಿನ ಗಣಿ; ಕೆಳಗೆ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ. ಮೊದಲನೆಯದು ೨೦೦೫ರ ಡಿಸೆಂಬರ್ ೩೧ರಂದು ನಿಂತುಹೋಯಿತು. ಎರಡನೆಯದನ್ನು ಮುಚ್ಚುವ ನಿರ್ಧಾರವು ೨೦೨೩ರ ಜನವರಿಯಲ್ಲಿ ಹೊರಬಿದ್ದಿತು. ಒಂದೇ ನದಿಯ ದಡದಲ್ಲಿ, ಇಪ್ಪತ್ತು ವರ್ಷಗಳಿಗಿಂತ ಕಡಮೆ ಅವಧಿಯಲ್ಲಿ, ದುಡಿಯುವವರನ್ನು ಮನೆಗೆ ಕಳುಹಿಸುವ ಪ್ರಸಂಗ ಎರಡು ಸಲ ಒದಗಿದುದರಿಂದ, ಆ ಕಾರ್ಯದ ನೈತಿಕ ಸ್ವರೂಪವೇನೆಂಬ ಪ್ರಶ್ನೆಯನ್ನು ಎತ್ತಿಕೊಳ್ಳಲು ನಮ್ಮ ಸೀಮೆಯ ಚರಿತ್ರೆಯ ಅಭ್ಯಾಸಿಗಳಿಗೆ ಸಾಕಷ್ಟು ಕಾರಣವಿದೆ.

ಈ ಪ್ರಶ್ನೆಯನ್ನು ನಾವು ಇಲ್ಲಿ ಒಂದು ಚಲಚ್ಚಿತ್ರದ ಮೂಲಕ ಪ್ರವೇಶಿಸಲು ಇಚ್ಛಿಸುತ್ತೇವೆ. ಶಾಸನ, ತೀರ್ಪು, ವರದಿಗಳನ್ನು ಆಧಾರವಾಗಿಟ್ಟುಕೊಳ್ಳುವ ಚರಿತ್ರೆಯ ವಿದ್ಯಾರ್ಥಿಗೆ ಇದು ವಿಚಿತ್ರವೆನಿಸಬಹುದು. ಆದರೆ ಕೆಲಸ ಎಷ್ಟು ಜನರಿಗೆ ಹೋಯಿತು, ಯಾವ ದಿನ ಹೋಯಿತು, ಪರಿಹಾರ ಎಷ್ಟು ಎಂಬುದನ್ನು ಕಡತಗಳು ತಿಳಿಸುತ್ತವೆಯೇ ಹೊರತು, ಆ ನಿರ್ಧಾರವನ್ನು ಮಾಡಿದವರ ಮನಸ್ಸಿನಲ್ಲಿ ಏನಾದರೂ ಭಾರ ಉಳಿಯಿತೇ ಎಂಬುದನ್ನು ತಿಳಿಸುವುದಿಲ್ಲ. ಕಥೆಯಾದರೋ ಆ ಭಾರವನ್ನೇ ವಸ್ತುವಾಗಿ ಮಾಡಿಕೊಳ್ಳಬಲ್ಲುದು.

ಮೊದಲು ಪರಿಭಾಷೆಯ ಒಂದು ಮಾತು. ೧೯೪೭ರ ಕೈಗಾರಿಕಾ ವಿವಾದಗಳ ಅಧಿನಿಯಮಕ್ಕೆ ೧೯೫೩ರಲ್ಲಿ ಆದ ತಿದ್ದುಪಡಿಯು ಎರಡು ಸಂಗತಿಗಳನ್ನು ಬೇರ್ಪಡಿಸಿತು. ಕಲ್ಲಿದ್ದಲು, ವಿದ್ಯುತ್ತು, ಕಚ್ಚಾ ಸಾಮಗ್ರಿಗಳ ಅಭಾವದಿಂದಲೋ, ಮಾಲು ಮಾರಾಟವಾಗದೆ ಉಳಿದುದರಿಂದಲೋ, ಯಂತ್ರ ಕೆಟ್ಟುದರಿಂದಲೋ, ಹಾಜರಿ ಪುಸ್ತಕದಲ್ಲಿ ಹೆಸರಿರುವ ಕೆಲಸಗಾರನಿಗೆ ಮಾಲಿಕನು ಕೆಲಸ ಕೊಡಲಾರದೆ ಹೋದರೆ ಅದು ಲೇ-ಆಫ್. ಅಲ್ಲಿ ಹೆಸರು ಪುಸ್ತಕದಲ್ಲಿ ಉಳಿದಿರುತ್ತದೆ. ಹೆಸರನ್ನೇ ತೆಗೆದುಹಾಕುವುದು ರಿಟ್ರೆಂಚ್‌ಮೆಂಟ್, ಎಂದರೆ ನೌಕರಿ ಕಡಿತ. ಜನರ ಮಾತಿನಲ್ಲಿ ಈ ಭೇದ ಉಳಿದಿಲ್ಲ. ಎರಡಕ್ಕೂ 'ಕೆಲಸದಿಂದ ತೆಗೆದರು' ಎನ್ನುತ್ತಾರೆ. ಈ ಲೇಖನದಲ್ಲಿ ನಾವೂ ಜನರ ಮಾತನ್ನೇ ಅನುಸರಿಸಿದ್ದೇವೆ.

೨

ಭಾರತೀಯ ಚಲಚ್ಚಿತ್ರವು ಬಹುಕಾಲ ಈ ವಿಷಯವನ್ನು ಒಬ್ಬ ಮಾಲಿಕನ ಮುಖದಲ್ಲಿ ಕಂಡಿತು. ೧೯೫೭ರಲ್ಲಿ ತೆರೆಕಂಡ, ಬಿ. ಆರ್. ಚೋಪ್ರಾ ಅವರ ಹಿಂದೀ ಚಿತ್ರ 'ನಯಾ ದೌರ್'ನಲ್ಲಿ ಮರ ಕೊಯ್ಯುವ ಕಾರ್ಖಾನೆಯ ಯಜಮಾನನ ಮಗನು ವಿದ್ಯುತ್ ಯಂತ್ರವನ್ನು ತಂದು ಕೂಲಿಕಾರರನ್ನು ಹೊರಗೆ ಹಾಕುತ್ತಾನೆ. ಹಳೆಯ ಯಜಮಾನನಲ್ಲಿ ಕನಿಕರವುಂಟು, ಮಗನಲ್ಲಿ ಅದಿಲ್ಲ. ಆದುದರಿಂದ ಪ್ರೇಕ್ಷಕನಿಗೆ ಯಾರನ್ನು ದೂರಬೇಕೆಂಬ ವಿಷಯದಲ್ಲಿ ಸಂದೇಹವೇ ಹುಟ್ಟುವುದಿಲ್ಲ. ಕನ್ನಡದಲ್ಲಿ ದೊರೈ-ಭಗವಾನ್ ನಿರ್ದೇಶಿಸಿ ೧೯೭೧ರಲ್ಲಿ ಬಂದ 'ಕಸ್ತೂರಿ ನಿವಾಸ'ದ ನಾಯಕನು ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ. ಅದು ನೌಕರಿ ಕಡಿತದ ಕಥೆಯಲ್ಲ. ಒಡೆಯನು ಇಳಿದು, ಅವನ ಬಳಿ ಇದ್ದ ನೌಕರನು ಏರುವ ಕಥೆ. ಆದರೂ ನಮ್ಮ ವಿಷಯಕ್ಕೆ ಅದರಿಂದ ಒಂದು ಸೂಚನೆ ದೊರೆಯುತ್ತದೆ. ಕೈಗಾರಿಕೆಯ ಒಡೆಯನನ್ನು ಕನ್ನಡ ಪ್ರೇಕ್ಷಕನು ಕೊಡುಗೈಯ ಯಜಮಾನನಂತೆ ಕಾಣಲು ಬಯಸಿದನು. ಒಡೆಯ ಮತ್ತು ನೌಕರರ ಸಂಬಂಧವನ್ನು ಇಬ್ಬರು ವ್ಯಕ್ತಿಗಳ ನಡುವಣ ಋಣವೆಂದು ತಿಳಿದನು.

ಈ ಋಣದ ಭಾವನೆ ನಮ್ಮಲ್ಲಿ ಹಳೆಯದು. ಉಪ್ಪಿನ ಋಣ, ಅನ್ನದ ಋಣ ಎಂಬ ಮಾತುಗಳನ್ನು ನಾವು ಸಾಮಾನ್ಯವಾಗಿ ಉಂಡವನಿಗೆ ಅನ್ವಯಿಸುತ್ತೇವೆ. ದುಡಿಸಿಕೊಂಡವನಿಗೂ ದುಡಿದವನ ಋಣ ಉಂಟೆಂದು ಹೇಳುವುದು ಅಪೂರ್ವ. ಆದರೆ ಮುಖಾಮುಖಿಯಾದ ಸಂಬಂಧದಲ್ಲಿ ಆ ಎರಡನೆಯ ಋಣವೂ ಮರೆಯಾಗಿ ಹೋಗುತ್ತಿರಲಿಲ್ಲ. ಆಳನ್ನು ಬಿಡಿಸುವ ಯಜಮಾನನು ಮರುದಿನ ಅದೇ ಊರಿನ ದಾರಿಯಲ್ಲಿ ಅವನನ್ನು ಎದುರುಗೊಳ್ಳಬೇಕಾಗಿತ್ತು. ಕೈಗಾರಿಕೆ ದೊಡ್ಡದಾಗಿ, ಒಡೆಯನ ಸ್ಥಾನದಲ್ಲಿ ಮಂಡಲಿ, ಮಂತ್ರಾಲಯ, ನ್ಯಾಯಾಲಯಗಳು ಬಂದಾಗ ಆ ಎದುರುಗೊಳ್ಳುವಿಕೆ ಏನಾಯಿತೆಂಬುದೇ ನಾವು ವಿಚಾರಿಸಬೇಕಾದ ಸಂಗತಿ.

೩

ಈ ವಿಚಾರಕ್ಕೆ ಹೆಚ್ಚು ನೆರವಾಗುವ ಚಿತ್ರ ಬೆಲ್ಜಿಯಂ ದೇಶದ್ದು. ಝಾನ್-ಪಿಯೆರ್ ಮತ್ತು ಲ್ಯುಕ್ ಡಾರ್ಡೆನ್ ಸೋದರರು ೨೦೧೪ರಲ್ಲಿ ಫ್ರೆಂಚ್ ಭಾಷೆಯಲ್ಲಿ ತೆಗೆದ ಅದರ ಹೆಸರನ್ನು 'ಎರಡು ಹಗಲು, ಒಂದು ರಾತ್ರಿ' ಎಂದು ಕನ್ನಡಿಸಬಹುದು. ಕಥೆ ನಡೆಯುವ ಸ್ಥಳ ಮ್ಯೂಸ್ ನದಿಯ ದಡದ ಸೆರಾಂ ಪಟ್ಟಣ. ೧೮೧೭ರಲ್ಲಿ ಜಾನ್ ಕಾಕರಿಲ್ ಅಲ್ಲಿ ಕಬ್ಬಿಣ ಮತ್ತು ಯಂತ್ರಗಳ ಕಾರ್ಖಾನೆಯನ್ನು ಸ್ಥಾಪಿಸಿದನು. ೨೦೧೧ರಲ್ಲಿ ಆ ಪ್ರದೇಶದ ಊದುಕುಲುಮೆಗಳನ್ನು ಶಾಶ್ವತವಾಗಿ ಆರಿಸುವ ನಿರ್ಧಾರ ಪ್ರಕಟವಾಯಿತು. ನದಿ, ಕುಲುಮೆ, ಕುಲುಮೆಯ ಸುತ್ತ ಬೆಳೆದ ಊರು, ಕೊನೆಗೆ ಮುಚ್ಚುವಿಕೆ: ಭದ್ರಾವತಿಯನ್ನು ಬಲ್ಲವರಿಗೆ ಈ ಊರು ಪರಕೀಯವೆನಿಸದು.

ಚಿತ್ರದ ನಾಯಿಕೆ ಸಾಂಡ್ರಾ ಒಂದು ಸಣ್ಣ ಕಾರ್ಖಾನೆಯ ಕೆಲಸಗಾರ್ತಿ. ಮನೋವ್ಯಾಧಿಯಿಂದ ರಜೆಯಲ್ಲಿದ್ದು ಗುಣಮುಖಳಾಗಿ ಮರಳುವ ಹೊತ್ತಿಗೆ, ಆಕೆಯಿಲ್ಲದೆಯೇ ಉಳಿದ ಹದಿನಾರು ಮಂದಿ ಹೆಚ್ಚು ಹೊತ್ತು ದುಡಿದು ಕೆಲಸವನ್ನು ತೂಗಿಸಬಲ್ಲರೆಂದು ಆಡಳಿತವರ್ಗ ಕಂಡುಕೊಂಡಿರುತ್ತದೆ. ಅದು ಆಕೆಯನ್ನು ನೇರವಾಗಿ ತೆಗೆಯುವುದಿಲ್ಲ. ಪ್ರತಿಯೊಬ್ಬನಿಗೂ ಒಂದು ಸಾವಿರ ಯೂರೋಗಳ ಬೋನಸ್ ಬೇಕೋ, ಸಾಂಡ್ರಾ ಉಳಿಯಬೇಕೋ ಎಂದು ಸಹೋದ್ಯೋಗಿಗಳನ್ನೇ ಕೇಳುತ್ತದೆ. ಹೆಚ್ಚಿನವರು ಬೋನಸ್ಸನ್ನು ಆರಿಸುತ್ತಾರೆ. ಮೇಸ್ತ್ರಿಯು ಕೆಲವರನ್ನು ಹೆದರಿಸಿದ್ದನೆಂಬ ಕಾರಣದಿಂದ ಸೋಮವಾರ ಗುಪ್ತ ಮತದಾನ ಮತ್ತೆ ನಡೆಯಬೇಕೆಂದು ಗೊತ್ತಾಗುತ್ತದೆ. ಶನಿವಾರ, ಭಾನುವಾರ ಎರಡು ದಿನವೂ ಆಕೆ ಒಬ್ಬೊಬ್ಬರ ಮನೆಯ ಬಾಗಿಲನ್ನು ತಟ್ಟುವುದೇ ಚಿತ್ರದ ಬಹುಭಾಗ.

ಆ ಬಾಗಿಲುಗಳಲ್ಲಿ ದುಷ್ಟರು ಸಿಗುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬೋನಸ್ಸಿನ ಹಣ ಒಬ್ಬನಿಗೆ ಮಕ್ಕಳ ಓದಿಗೆ ಬೇಕು, ಇನ್ನೊಬ್ಬರಿಗೆ ಮನೆಯ ಖರ್ಚಿಗೆ ಬೇಕು. ಎಲ್ಲರೂ ಬಡವರೇ. ಮಾಲಿಕನು ತಾನು ಹೊರಬೇಕಾದ ಭಾರವನ್ನು ಹದಿನಾರು ಪಾಲು ಮಾಡಿ ಹಂಚಿದ್ದಾನೆ. ಹತ್ತು ಜನರ ಕಡ್ಡಿ ಒಬ್ಬನಿಗೆ ಹೊರೆ ಎಂಬ ನಮ್ಮ ಗಾದೆಯನ್ನು ಇಲ್ಲಿ ಸ್ಮರಿಸಬಹುದು. ನಿರ್ಧಾರದಲ್ಲಿ ಪಾಲುಗೊಂಡ ಪ್ರತಿಯೊಬ್ಬನ ಕೈಯಲ್ಲಿಯೂ ಒಂದೊಂದು ಕಡ್ಡಿ ಮಾತ್ರ. ಹೊರೆ ಬೀಳುವುದು ಕೆಲಸ ಕಳೆದುಕೊಂಡವಳ ತಲೆಯ ಮೇಲೆ.

ಸೋಮವಾರದ ಮತಗಳು ಎಂಟಕ್ಕೆ ಎಂಟರಂತೆ ಸಮನಾಗಿ ಬೀಳುತ್ತವೆ. ಸಾಂಡ್ರಾಳಿಗೆ ಬಹುಮತ ದೊರೆಯುವುದಿಲ್ಲ. ಆಗ ಮಾಲಿಕನು ಆಕೆಯನ್ನು ಕೋಣೆಗೆ ಕರೆದು ಹೊಸ ದಾರಿಯೊಂದನ್ನು ಹೇಳುತ್ತಾನೆ: ನಿಗದಿತ ಅವಧಿಯ ಕರಾರಿನ ಮೇಲೆ ಇರುವವರ ಕರಾರು ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಅದನ್ನು ಮುಂದುವರಿಸದೆ ಆ ಜಾಗಕ್ಕೆ ಆಕೆಯನ್ನು ಕರೆದುಕೊಳ್ಳಬಹುದು. ಅಂಥ ಕರಾರಿನ ಮೇಲೆ ದುಡಿಯುವವನೊಬ್ಬನು ತನ್ನ ಕೆಲಸಕ್ಕೆ ಕುತ್ತು ಬರಬಹುದೆಂಬ ಭಯವಿದ್ದರೂ ಆಕೆಯ ಪರವಾಗಿ ನಿಂತವನು. ಕರಾರು ಮುಂದುವರಿಸದಿರುವುದು ಕೆಲಸದಿಂದ ತೆಗೆದಂತಲ್ಲ ಎಂಬುದು ಮಾಲಿಕನ ವಾದ. ಸಾಂಡ್ರಾ ಒಪ್ಪದೆ ಹೊರಟುಬರುತ್ತಾಳೆ.

ಈ ನಿರಾಕರಣದಲ್ಲಿಯೇ ಚಿತ್ರದ ಸಾರವಿದೆ ಎಂದು ನಮ್ಮ ಅಭಿಪ್ರಾಯ. ಒಂದು ನಿಮಿಷದ ಮಟ್ಟಿಗೆ ಆಕೆಯನ್ನು ಮಾಲಿಕನ ಸ್ಥಾನದಲ್ಲಿ ಕೂರಿಸಲಾಗುತ್ತದೆ. ಇನ್ನೊಬ್ಬನ ಅನ್ನವನ್ನು ತೆಗೆಯುವ ಅಧಿಕಾರ ಆಕೆಯ ಕೈಗೆ ಬರುತ್ತದೆ. ಅದುವರೆಗೆ ಆ ಅಧಿಕಾರವನ್ನು ಕೈಯಲ್ಲಿ ಹಿಡಿದವರೆಲ್ಲರೂ ಅದರ ಭಾರವನ್ನು ಬೇರೆಯವರ ಕಡೆಗೆ ಸರಿಸಿದ್ದರು. ಸರಿಸದೆ, ಅದು ತನ್ನ ಮೇಲೆ ಬಿದ್ದಿದೆಯೆಂದು ಒಪ್ಪಿಕೊಂಡವಳು ಆಕೆಯೊಬ್ಬಳೇ.

೪

ಇನ್ನು ಭದ್ರೆಯ ತಲೆಯ ಕಡೆಗೆ ಹೋಗೋಣ. ಕುದುರೆಮುಖ ಕಬ್ಬಿಣದ ಅದಿರು ಕಂಪನಿಯನ್ನು ಕೇಂದ್ರ ಸರ್ಕಾರವು ೧೯೭೬ರ ಏಪ್ರಿಲಿನಲ್ಲಿ ಸ್ಥಾಪಿಸಿತು. ಅಲ್ಲಿಯ ಮ್ಯಾಗ್ನೆಟೈಟ್ ಅದಿರು ಕೀಳು ದರ್ಜೆಯದು; ಅದನ್ನು ಪುಡಿಮಾಡಿ, ಶುದ್ಧೀಕರಿಸಿ, ನೀರಿನೊಡನೆ ಬೆರಸಿ, ಸುಮಾರು ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುವ ಏರ್ಪಾಡಾಯಿತು. ವರ್ಷಕ್ಕೆ ೭೫ ಲಕ್ಷ ಟನ್ನುಗಳ ಸಾಮರ್ಥ್ಯವುಳ್ಳ ಈ ಯೋಜನೆಗೆ ಸಾಲ ಕೊಟ್ಟು ಅದಿರನ್ನು ಕೊಳ್ಳಬೇಕಾಗಿದ್ದುದು ಇರಾನ್. ೧೯೭೯ರ ಕ್ರಾಂತಿಯಿಂದ ಆ ವ್ಯವಸ್ಥೆ ಮುರಿದುಬಿದ್ದಿತು. ಆದರೂ ಗಣಿ ನಡೆಯಿತು. ಕಾಡಿನ ನಡುವೆ ಮನೆ, ಶಾಲೆ, ಆಸ್ಪತ್ರೆಗಳುಳ್ಳ ಪಟ್ಟಣವೊಂದು ಎದ್ದಿತು.

ಅದೇ ಸೀಮೆಯನ್ನು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾಗಿಸುವ ಘೋಷಣೆಯೂ ಆಯಿತು. ಗಣಿಯ ಗುತ್ತಿಗೆ ೧೯೯೯ರಲ್ಲಿ ತೀರಿತು. ಬಳಿಕ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಸಾಗುತ್ತಿದ್ದಾಗ, ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ೨೦೦೨ರ ಅಕ್ಟೋಬರ್ ೩೦ರಂದು ತೀರ್ಪು ಕೊಟ್ಟು, ಗಣಿಗಾರಿಕೆಯು ೨೦೦೫ರ ಕೊನೆಗೆ ಮುಗಿಯತಕ್ಕದ್ದೆಂದು ವಿಧಿಸಿತು. ಗಣಿ ನಿಂತಿತು. ಮಂಗಳೂರಿನ ಉಂಡೆ ಅದಿರಿನ ಘಟಕವನ್ನು ಬೇರೆಡೆಯ ಅದಿರಿನಿಂದ ಮುಂದುವರಿಸಲಾಯಿತು. ಸ್ವಯಂ ನಿವೃತ್ತಿ ಯೋಜನೆಯನ್ನು ನೌಕರರ ಮುಂದೆ ಇಡಲಾಯಿತು. ಪಟ್ಟಣ ಕ್ರಮೇಣ ಬರಿದಾಯಿತು.

ಈ ತೀರ್ಪು ತಪ್ಪಾಯಿತೆಂದು ನಾವು ಹೇಳುತ್ತಿಲ್ಲ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ನೆಲದಲ್ಲಿ ಬೆಟ್ಟವನ್ನು ಅಗೆದು ಹೂಳನ್ನು ಕಟ್ಟಿಹಾಕುವ ಉದ್ಯಮವನ್ನು ನಿಲ್ಲಿಸಿದುದು ಸರಿಯೆಂದೇ ನಮ್ಮ ನಂಬಿಕೆ. ಕೆಳಗಿನ ಗದ್ದೆ ತೋಟಗಳವರು ಆ ನದಿಯ ನೀರನ್ನೇ ನಂಬಿದವರು. ಆದರೆ ಇಲ್ಲಿ ಒಂದು ಸೂಕ್ಷ್ಮ ಭೇದವನ್ನು ಮಾಡಬೇಕು. ದೋಷ ಬೇರೆ, ಋಣ ಬೇರೆ. ದೋಷವಿಲ್ಲದ ಕಾರ್ಯದಿಂದಲೂ ಋಣ ಹುಟ್ಟಬಹುದು. ಕಾಡು ಉಳಿದುದರ ಲಾಭ ಇಡೀ ನಾಡಿಗೆ. ಅದಕ್ಕಾಗಿ ಕೆಲಸವನ್ನೂ ಮನೆಯನ್ನೂ ಬಿಟ್ಟು ಹೋದವರು ಒಂದು ಪಟ್ಟಣದವರು ಮಾತ್ರ. ಹಾಗಾದರೆ ನಾಡು ಅವರಿಗೆ ಋಣಿಯಾಗಿದೆ. ಈ ಋಣ ಯಾರ ಲೆಕ್ಕದಲ್ಲಿ ಬರೆಯಲ್ಪಟ್ಟಿದೆ? ನ್ಯಾಯಾಲಯವು ಕಾನೂನನ್ನು ಪಾಲಿಸಿತು. ಕಂಪನಿಯು ನ್ಯಾಯಾಲಯದ ಮಾತನ್ನು ಪಾಲಿಸಿತು. ಸರ್ಕಾರವು ಎರಡನ್ನೂ ಅಂಗೀಕರಿಸಿತು. ಪರಿಸರಪ್ರೇಮಿಗಳು ನದಿಯನ್ನು ಉಳಿಸಿದರು. ಪ್ರತಿಯೊಬ್ಬರ ಕೈಯಲ್ಲಿಯೂ ಒಂದೊಂದು ಕಡ್ಡಿ.

'ಸ್ವಯಂ ನಿವೃತ್ತಿ' ಎಂಬ ಪದವನ್ನೂ ಪರೀಕ್ಷಿಸಬೇಕು. ಮುಚ್ಚಿಹೋಗುವ ಗಣಿಯಿಂದ ಮುಚ್ಚುವ ಮುನ್ನ ಹೊರಡುವವನು ತನ್ನಿಚ್ಛೆಯಿಂದ ಹೊರಟನೆಂದು ಕಡತದಲ್ಲಿ ದಾಖಲಾಗುತ್ತದೆ. ಹಣ ಹೆಚ್ಚು ಸಿಕ್ಕಿರಬಹುದು. ಅದು ನಿಜವಾದ ಅನುಕೂಲವೇ. ಆದರೆ ಆ ರುಜುವಿನೊಡನೆ ನಿರ್ಧಾರದ ಕರ್ತೃತ್ವವೂ ಅವನಿಗೇ ವರ್ಗವಾಗುತ್ತದೆ. ಸೆರಾಂನ ಮಾಲಿಕನು ಸಹೋದ್ಯೋಗಿಗಳ ಮೇಲೆ ಇಟ್ಟುದನ್ನು ಈ ಪದ್ಧತಿಯು ನೌಕರನ ಮೇಲೆಯೇ ಇಡುತ್ತದೆ. ಮುಂದೆ ಚರಿತ್ರಕಾರನು ಆ ಕಡತವನ್ನು ಓದಿದರೆ, ಅಲ್ಲಿ ಯಾರನ್ನೂ ಯಾರೂ ತೆಗೆದಂತೆ ಕಾಣುವುದಿಲ್ಲ.

೫

ಭದ್ರಾವತಿಯ ಚರಿತ್ರೆ ಇನ್ನೂ ದೀರ್ಘವಾದುದು. ಬೆಂಕಿಪುರವೆಂದು ಹೆಸರಾಗಿದ್ದ ಊರಿನಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಕಾರ್ಖಾನೆಯಲ್ಲಿ ೧೯೨೩ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂದಿತು. ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡಿನ ಮರದಿಂದ. ಆ ದಿನಗಳಲ್ಲಿ ಕಾರ್ಖಾನೆಯು ನಷ್ಟವನ್ನು ಅನುಭವಿಸಿದಾಗ ಸರ್. ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ ಅದನ್ನು ನೆಲೆಗೊಳಿಸಿದರು. ಮುಂದೆ ಅವರ ಹೆಸರನ್ನೇ ಪಡೆದ ಈ ಕಾರ್ಖಾನೆ ೧೯೮೯ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, ೧೯೯೮ರಲ್ಲಿ ಅದರಲ್ಲಿಯೇ ವಿಲೀನವಾಯಿತು. ೧೯೩೬ರಲ್ಲಿ ಸ್ಥಾಪಿತವಾಗಿದ್ದ ನೆರೆಯ ಮೈಸೂರು ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ೨೦೧೫ರಲ್ಲಿ ನಿಂತುದು ಊರಿಗೆ ಬಿದ್ದ ಮೊದಲ ಪೆಟ್ಟು.

ಸ್ವಂತ ಗಣಿಯಿಲ್ಲದೆ ಸೊರಗಿದ ಉಕ್ಕಿನ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರಲು ೨೦೧೬ರಲ್ಲಿ ಕೇಂದ್ರ ಸಚಿವ ಸಂಪುಟವು ತಾತ್ತ್ವಿಕ ಒಪ್ಪಿಗೆ ನೀಡಿತು. ಕೊಳ್ಳುವವರು ಮುಂದೆ ಬಾರದೆ ೨೦೨೨ರ ಅಕ್ಟೋಬರಿನಲ್ಲಿ ಆ ಯತ್ನವನ್ನು ಕೈಬಿಡಲಾಯಿತು. ೨೦೨೩ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಬಂದಿತು. ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷ ತುಂಬಿದ ತಿಂಗಳು ಅದು. ಆಗ ಖಾಯಂ ನೌಕರರ ಸಂಖ್ಯೆ ಕೆಲವೇ ನೂರಕ್ಕೆ ಇಳಿದಿತ್ತು. ಗುತ್ತಿಗೆಯ ಕಾರ್ಮಿಕರು ಸಾವಿರಕ್ಕೂ ಮೇಲ್ಪಟ್ಟಿದ್ದರು. ಕಾರ್ಖಾನೆಯ ಬಾಗಿಲಲ್ಲಿ ದೀರ್ಘಕಾಲ ಧರಣಿ ಕುಳಿತವರು ಈ ಗುತ್ತಿಗೆಯವರೇ. ಅದೇ ವರ್ಷದ ಆಗಸ್ಟಿನಲ್ಲಿ ಉಕ್ಕಿನ ಸರಳು ತೆಗೆಯುವ ಕೆಲಸ ಸ್ವಲ್ಪಮಟ್ಟಿಗೆ ಮತ್ತೆ ಆರಂಭವಾಯಿತು.

ಧರಣಿ ಕುಳಿತವರು ಗುತ್ತಿಗೆಯವರೇ ಏಕೆ? ಖಾಯಂ ನೌಕರನಿಗೆ ಪ್ರಾಧಿಕಾರದ ಬೇರೆ ಕಾರ್ಖಾನೆಯೊಂದು ಇದ್ದೀತು. ವರ್ಗಾವಣೆ ಕಷ್ಟವಾದರೂ ಸಂಬಳ ತಪ್ಪದು. ಗುತ್ತಿಗೆಯವನಿಗೆ ಅದೂ ಇಲ್ಲ. ಹಲವು ವರ್ಷ ಅದೇ ಕುಲುಮೆಯ ಮುಂದೆ ಬೆಂದಿದ್ದರೂ ಕಾಗದದಲ್ಲಿ ಅವನು ಗುತ್ತಿಗೆದಾರನ ಆಳು. ಗುತ್ತಿಗೆ ಕಾರ್ಮಿಕರ ೧೯೭೦ರ ಅಧಿನಿಯಮದ ಪ್ರಕಾರ ಗುತ್ತಿಗೆಯ ಪದ್ಧತಿಯನ್ನು ನಿಷೇಧಿಸಿದ ಮಾತ್ರದಿಂದಲೇ ಕಾರ್ಮಿಕನು ಮೂಲ ಸಂಸ್ಥೆಯ ನೌಕರನಾಗಿಬಿಡುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ೨೦೦೧ರ ಆಗಸ್ಟ್ ೩೦ರಂದು ತೀರ್ಮಾನಿಸಿತು. ಆ ಮೊಕದ್ದಮೆಯ ಒಬ್ಬ ಕಕ್ಷಿ ಇದೇ ಉಕ್ಕು ಪ್ರಾಧಿಕಾರ. ಹೀಗಾಗಿ ಗುತ್ತಿಗೆಯವನನ್ನು ಕಾರ್ಖಾನೆ ತೆಗೆಯಬೇಕಾಗಿಯೇ ಇಲ್ಲ. ಗುತ್ತಿಗೆಯನ್ನು ಮುಂದುವರಿಸದಿದ್ದರೆ ಸಾಕು. ಸಾಂಡ್ರಾಳ ಮುಂದೆ ಮಾಲಿಕನು ಆಡಿದ ಮಾತೂ ಇದೇ ಆಗಿತ್ತು.

೬

ಕಾನೂನು ಈ ಭಾರವನ್ನು ಸಂಪೂರ್ಣವಾಗಿ ಮರೆತಿದೆ ಎಂದರೆ ಅನ್ಯಾಯವಾದೀತು. ೧೯೫೩ರ ತಿದ್ದುಪಡಿಯು ಲೇ-ಆಫ್ ಆದವನಿಗೆ ಮೂಲವೇತನ ಮತ್ತು ತುಟ್ಟಿಭತ್ಯದ ಅರ್ಧವನ್ನೂ, ಕಡಿತಗೊಂಡವನಿಗೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ ೧೫ ದಿನಗಳ ಸರಾಸರಿ ವೇತನವನ್ನೂ ಕೊಡಬೇಕೆಂದಿತು. ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ಕ್ರಮವನ್ನೂ ಇಟ್ಟಿತು. ಮುಚ್ಚುವಿಕೆಯನ್ನು ಕುರಿತ ನಿಯಮವೊಂದು ಮತ್ತಷ್ಟು ಚಿಂತನೀಯವಾಗಿದೆ. ಮಾಲಿಕನ ಅಂಕೆಗೆ ಮೀರಿದ ಅನಿವಾರ್ಯ ಕಾರಣದಿಂದ ಉದ್ಯಮ ಮುಚ್ಚಿದರೆ ಪರಿಹಾರವನ್ನು ಮೂರು ತಿಂಗಳ ವೇತನಕ್ಕೆ ಮಿತಗೊಳಿಸಬಹುದು. ಆದರೆ ಹಣದ ಮುಗ್ಗಟ್ಟಾಗಲಿ, ಮಾಲು ಉಳಿದುದಾಗಲಿ, ಗುತ್ತಿಗೆಯ ಅವಧಿ ಮುಗಿದುದಾಗಲಿ, ಗಣಿಯಲ್ಲಿ ಖನಿಜ ತೀರಿದುದಾಗಲಿ ಅಷ್ಟರಿಂದಲೇ ಅನಿವಾರ್ಯ ಕಾರಣವೆನಿಸದು ಎಂದು ಶಾಸನವೇ ವಿವರಿಸಿತ್ತು. 'ನಮ್ಮ ಕೈಯಲ್ಲಿ ಏನೂ ಇರಲಿಲ್ಲ' ಎಂಬ ಮಾತನ್ನು ಸುಲಭವಾಗಿ ಒಪ್ಪಬಾರದೆಂಬ ವಿವೇಕ ಇದರಲ್ಲಿದೆ. ೧೯೭೬ರಲ್ಲಿ, ದೊಡ್ಡ ಕೈಗಾರಿಕೆಗಳು ಜನರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕೆಂಬ ನಿಯಮವೂ ಬಂದಿತು. ಅದರ ಮಿತಿಯನ್ನು ಬಳಿಕ ೩೦೦ ಕಾರ್ಮಿಕರಿಂದ ೧೦೦ಕ್ಕೆ ಇಳಿಸಲಾಯಿತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಆ ಮಿತಿಯನ್ನು ಮತ್ತೆ ೩೦೦ಕ್ಕೆ ಏರಿಸಿದೆ. ತೆಗೆಯಲ್ಪಟ್ಟವನ ಮರುಶಿಕ್ಷಣಕ್ಕಾಗಿ ೧೫ ದಿನಗಳ ವೇತನವನ್ನು ಮಾಲಿಕನು ನಿಧಿಯೊಂದಕ್ಕೆ ಕೊಡಬೇಕೆಂದೂ ವಿಧಿಸಿದೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ನಷ್ಟದ ಉದ್ಯಮವನ್ನು ಎಂದೆಂದಿಗೂ ನಡೆಸಲಾಗುವುದಿಲ್ಲ. ಕಾನೂನಿನ ಪ್ರಕಾರ ಪರಿಹಾರ ಕೊಟ್ಟ ಮೇಲೆ ನೈತಿಕ ಭಾರವೆಂಬುದು ಕೇವಲ ಭಾವುಕತೆ ಎಂದು ಕೆಲವರು ಹೇಳಿಯಾರು. ಮೊದಲನೆಯ ಮಾತನ್ನು ನಾವು ಒಪ್ಪುತ್ತೇವೆ, ಎರಡನೆಯದನ್ನು ಒಪ್ಪಲಾರೆವು. ಪರಿಹಾರವು ವೇತನದ ಲೆಕ್ಕವನ್ನು ತೀರಿಸುತ್ತದೆ. ಐವತ್ತರ ವಯಸ್ಸಿನಲ್ಲಿ ಬೇರೆ ಕಸುಬು ಕಲಿಯಬೇಕಾದವನ, ಕಂಪನಿಯ ಮನೆಯನ್ನು ಬಿಟ್ಟು ಮಕ್ಕಳ ಶಾಲೆಯನ್ನು ಬದಲಾಯಿಸಿದವನ, ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದೆ ಹೊರಬಿದ್ದವನ ಲೆಕ್ಕ ಅದರಲ್ಲಿ ಸೇರಿರುವುದಿಲ್ಲ. ಆ ಉಳಿದ ಭಾಗವನ್ನೇ ನಾವು ಭಾರವೆಂದು ಕರೆದುದು.

ಅದನ್ನು ಹೊರುವುದೆಂದರೆ ಏನು? ನಮಗೆ ತೋರುವ ಮೂರು ಲಕ್ಷಣಗಳನ್ನು ಹೇಳಬಹುದು. ನಿರ್ಧಾರ ಮಾಡಿದವನು ಅದನ್ನು ಸೂಚನಾ ಫಲಕಕ್ಕೆ ಬಿಡದೆ ಕೆಲಸಗಾರರ ಎದುರಿಗೆ ನಿಂತು, ಇದು ನನ್ನ ನಿರ್ಧಾರವೆಂದು ಹೇಳಬೇಕು. ದುಡಿದವರನ್ನೆಲ್ಲ ಗುತ್ತಿಗೆಯವರು, ಖಾಯಂನವರು ಎನ್ನದೆ ಒಂದೇ ಪಟ್ಟಿಯಲ್ಲಿ ಬರೆಯಬೇಕು. ನಿರ್ಧಾರದಿಂದ ಲಾಭ ಪಡೆದವರು, ಅದು ಕಾಡು ಉಳಿಸಿಕೊಂಡ ನಾಡೇ ಆಗಿರಲಿ, ನಷ್ಟ ಹೊಂದಿದವರ ಹೊಸ ಜೀವನದ ವೆಚ್ಚದಲ್ಲಿ ಪಾಲುಗೊಳ್ಳಬೇಕು.

ನಮ್ಮ ಶಾಖೆಯ ಪಾಲಿಗೂ ಒಂದು ಕಡ್ಡಿ ಬರುತ್ತದೆ. ಕುದುರೆಮುಖದ ಪಟ್ಟಣವನ್ನು ಬಿಟ್ಟುಹೋದವರೂ, ಭದ್ರಾವತಿಯ ಬಾಗಿಲಲ್ಲಿ ಕುಳಿತವರೂ ಇನ್ನೂ ನಮ್ಮ ನಡುವೆ ಇದ್ದಾರೆ. ಗುತ್ತಿಗೆದಾರರ ಹಾಜರಿ ಪುಸ್ತಕಗಳನ್ನು ಕಾಪಾಡುವ ಪತ್ರಾಗಾರವಿಲ್ಲ. ರದ್ದಿಗೆ ಹೋದ ಮೇಲೆ ಆ ಹೆಸರುಗಳು ಮರಳಿ ದೊರೆಯುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ವಿಚಾರಿಸಿ, ಯಾರು ಯಾವ ವರ್ಷ ಎಲ್ಲಿ ದುಡಿದರು, ಹೇಗೆ ಹೊರಬಂದರು, ಆ ಸುದ್ದಿಯನ್ನು ಅವರಿಗೆ ಹೇಳಿದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ತಂದರೆ, ಕಡತಗಳು ಬಿಟ್ಟಿರುವ ಚರಿತ್ರೆಯ ಒಂದು ಭಾಗ ಉಳಿದೀತು. ಈ ಕೆಲಸವನ್ನು ಸೀತೂರಿನಂಥ ಒಂದು ಗ್ರಾಮದಿಂದ ಆರಂಭಿಸಿದರೂ ಸಾಕು.